ಫ್ರೀಲ್ಯಾನ್ಸ್ ಸಂಪಾದನೆ (ಕಂಟೆಂಟ್ ಏಜೆನ್ಸಿಗಳಲ್ಲಿ)

ಜಾಲತಾಣಗಳಿಗೆ ಬೇಕಾದ ಬರಹವನ್ನು ಸಿದ್ಧಪಡಿಸಿ ಮಾರುವ ಸಂಸ್ಥೆಗೆ, ಅದರ ನೌಕರರಾಗದೆ, ಕೆಲಸಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ಬೇರೆಯವರ ಬರಹವನ್ನು ತಿದ್ದಿ, ಪರಿಶೀಲಿಸಿ ಪ್ರಕಟಣೆಗೆ ಸಿದ್ಧಮಾಡಿಕೊಡುವ ವೃತ್ತಿಗೆ ಕಂಟೆಂಟ್ ಏಜೆನ್ಸಿಯ ಫ್ರೀಲ್ಯಾನ್ಸ್ ಸಂಪಾದನೆ ಎನ್ನುತ್ತಾರೆ. ಇದರಲ್ಲಿ ನಾಲ್ಕು ಪಕ್ಷಗಳಿವೆ. ಬರಹ ಬೇಕಾದ ಕಂಪನಿಯು ಗ್ರಾಹಕ. ಗ್ರಾಹಕನಿಂದ ಕೆಲಸ ಹಿಡಿದು ಹಂಚುವುದು ಏಜೆನ್ಸಿ. ಬರೆಯುವವರು ಲೇಖಕರು, ತಿದ್ದುವವರು ಸಂಪಾದಕರು. ಲೇಖಕರೂ ಸಂಪಾದಕರೂ ಸಾಮಾನ್ಯವಾಗಿ ಬೇರೆ ಬೇರೆ ಊರುಗಳಲ್ಲಿ ತಮ್ಮ ಮನೆಯಿಂದಲೇ ಕೆಲಸ ಮಾಡುತ್ತಾರೆ. ಒಬ್ಬರ ಹೆಸರು ಇನ್ನೊಬ್ಬರಿಗೆ ತಿಳಿಯದಿರುವುದೂ ಉಂಟು. ಪತ್ರಿಕೆಯ ಸಂಪಾದಕರಿಗಿರುವಂತೆ ಯಾವುದನ್ನು ಪ್ರಕಟಿಸಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವ ಅಧಿಕಾರ ಇವರಿಗಿಲ್ಲ. ಕೆಲಸದ ಸ್ವರೂಪದಲ್ಲಿ ಇವರು ಪತ್ರಿಕಾ ಡೆಸ್ಕಿನ ಉಪಸಂಪಾದಕರಿಗೆ ಹತ್ತಿರ. ಕನ್ನಡ ಪತ್ರಿಕೋದ್ಯಮದಲ್ಲಿ ಬಳಕೆಯಲ್ಲಿರುವ ‘ಹವ್ಯಾಸಿ’ ಎಂಬ ಮಾತು ಇದನ್ನೇ ಜೀವನೋಪಾಯ ಮಾಡಿಕೊಂಡವರಿಗೆ ಒಪ್ಪದ ಕಾರಣ, ಈ ಲೇಖನದಲ್ಲಿ ಫ್ರೀಲ್ಯಾನ್ಸ್ ಎಂಬ ಪದವನ್ನೇ ಬಳಸಲಾಗಿದೆ.

ಉಗಮ

ಪ್ರಕಟಣಾಲಯದ ಹೊರಗಿನವರಿಂದ ಕರಡು ತಿದ್ದಿಸುವ ರೂಢಿ ಅಂತರ್ಜಾಲಕ್ಕಿಂತ ಹಳೆಯದು. ಅಮೆರಿಕದಲ್ಲಿ ಇಂಥ ಸಂಪಾದಕರ ಸಂಘವಾದ ಎಡಿಟೋರಿಯಲ್ ಫ್ರೀಲ್ಯಾನ್ಸರ್ಸ್ ಅಸೋಸಿಯೇಷನ್ 1970ರಲ್ಲಿ ಹುಟ್ಟಿತು. ಬ್ರಿಟನ್ನಿನಲ್ಲಿ 1988ರಲ್ಲಿ ಆರಂಭವಾದ ಸಂಘಕ್ಕೆ 2019ರಲ್ಲಿ ರಾಜಸನ್ನದು ದೊರೆಯಿತು. 2020ರಿಂದ ಅದು ಚಾರ್ಟರ್ಡ್ ಇನ್‌ಸ್ಟಿಟ್ಯೂಟ್ ಆಫ್ ಎಡಿಟಿಂಗ್ ಆ್ಯಂಡ್ ಪ್ರೂಫ್‌ರೀಡಿಂಗ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಕನ್ನಡದ ಪ್ರಕಾಶಕರೂ ಅಧ್ಯಾಪಕರಿಗೆ, ನಿವೃತ್ತ ಪತ್ರಕರ್ತರಿಗೆ ಪುಟಕ್ಕೋ ಮುದ್ರಣದ ಫಾರಮಿಗೋ ಇಷ್ಟು ಎಂದು ಗೊತ್ತುಮಾಡಿ ಪ್ರೂಫ್ ನೋಡಿಸುತ್ತ ಬಂದಿದ್ದಾರೆ. ತುಂಡುಗೂಲಿಯ ಈ ಪದ್ಧತಿಯೇ ಮುಂದೆ ಅಂತರ್ಜಾಲಕ್ಕೂ ಬಂತು.

ಕೆನಡಾದ ಸ್ಕ್ರೈಬೆಂಡಿ 1997ರಲ್ಲಿ ಆನ್‌ಲೈನ್ ಮೂಲಕ ಬರಹ ತಿದ್ದಿಕೊಡುವ ಸೇವೆಯನ್ನು ಆರಂಭಿಸಿತು. ಭಾರತದಲ್ಲಿ 2002ರಲ್ಲಿ ಮುಂಬೈಯಲ್ಲಿ ಸ್ಥಾಪನೆಯಾದ ಕ್ಯಾಕ್ಟಸ್ ಕಮ್ಯುನಿಕೇಷನ್ಸ್, ‘ಎಡಿಟೇಜ್’ ಎಂಬ ಹೆಸರಿನಲ್ಲಿ ಇಂಗ್ಲಿಷ್ ಮಾತೃಭಾಷೆಯಲ್ಲದ ಸಂಶೋಧಕರ ಪ್ರಬಂಧಗಳನ್ನು ತಿದ್ದುವ ಉದ್ಯಮವನ್ನು ಬೆಳೆಸಿತು. ಇದೇ ಹೊತ್ತಿಗೆ ಈಲಾನ್ಸ್ ಮತ್ತು ಒಡೆಸ್ಕ್ ಎಂಬ ಅಮೆರಿಕದ ತಾಣಗಳು ಕೆಲಸ ಕೊಡುವವರನ್ನೂ ಮಾಡುವವರನ್ನೂ ದೇಶದ ಗಡಿ ದಾಟಿಸಿ ಒಟ್ಟುಗೂಡಿಸಿದವು. ಇವೆರಡೂ ವಿಲೀನಗೊಂಡು 2015ರಲ್ಲಿ ಅಪ್‌ವರ್ಕ್ ಎಂಬ ಹೆಸರು ಪಡೆದವು.

ಕಂಟೆಂಟ್ ಏಜೆನ್ಸಿ ಪ್ರತ್ಯೇಕ ಉದ್ಯಮವಾಗಿ ಬೆಳೆಯಲು ನಿಜವಾದ ಕಾರಣ ಜಾಹೀರಾತು. ಗೂಗಲ್ 2003ರಲ್ಲಿ ಆ್ಯಡ್‌ಸೆನ್ಸ್ ಆರಂಭಿಸಿದ ಮೇಲೆ ಯಾವುದೇ ಜಾಲಪುಟ ಜಾಹೀರಾತಿನಿಂದ ಹಣ ತರಬಹುದಾಯಿತು. ಹುಡುಕಾಟದಲ್ಲಿ ಮೇಲೆ ಕಾಣಿಸಿಕೊಳ್ಳುವ ಪುಟಗಳು ಹೆಚ್ಚಿದಷ್ಟೂ ಆದಾಯ ಹೆಚ್ಚು. ಪುಟಗಳ ಸಂಖ್ಯೆ ಏರಬೇಕಾದರೆ ಅಗ್ಗವಾಗಿ, ಬೇಗ ಬರೆಸಬೇಕು. ಹಾಗೆ ಬರೆಸಿದ್ದನ್ನು ಯಾರಾದರೂ ಅಷ್ಟೇ ಬೇಗ ತಿದ್ದಲೂ ಬೇಕು.

ಕಂಟೆಂಟ್ ಫಾರ್ಮ್‌ಗಳ ಕಾಲ

2006ರಿಂದ 2011ರವರೆಗಿನ ಅವಧಿ ಈ ವೃತ್ತಿಯ ಇತಿಹಾಸದಲ್ಲಿ ಎಲ್ಲಕ್ಕಿಂತ ಮುಖ್ಯವಾದುದು. ಹುಡುಕಾಟದ ಪದಗಳನ್ನು ನೋಡಿಕೊಂಡು ಭಾರಿ ಪ್ರಮಾಣದಲ್ಲಿ ಲೇಖನ ತಯಾರಿಸುತ್ತಿದ್ದ ಸಂಸ್ಥೆಗಳಿಗೆ ಆಗ ‘ಕಂಟೆಂಟ್ ಫಾರ್ಮ್’ ಎಂಬ ಹೆಸರು ಬಿತ್ತು. ಅವುಗಳಲ್ಲಿ ದೊಡ್ಡದು ಡಿಮ್ಯಾಂಡ್ ಮೀಡಿಯಾ. ರಿಚರ್ಡ್ ರೋಸೆನ್‌ಬ್ಲಾಟ್ ಮತ್ತು ಶಾನ್ ಕೋಲೊ 2006ರಲ್ಲಿ ಅದನ್ನು ಸ್ಥಾಪಿಸಿ, ‘ಇದನ್ನು ಮಾಡುವುದು ಹೇಗೆ’ ಎಂಬ ಬಗೆಯ ಲೇಖನಗಳ ತಾಣವಾದ ಇಹೌ ಅನ್ನು ಕೊಂಡುಕೊಂಡರು. ಜನ ಏನು ಹುಡುಕುತ್ತಾರೆ, ಆ ಪದಕ್ಕೆ ಜಾಹೀರಾತುದಾರರು ಎಷ್ಟು ಕೊಡುತ್ತಾರೆ, ಆ ವಿಷಯದಲ್ಲಿ ಎಷ್ಟು ಪುಟಗಳು ಈಗಾಗಲೇ ಇವೆ ಎಂಬ ಮೂರು ಲೆಕ್ಕ ಹಾಕಿ ಗಣಕವೇ ಶೀರ್ಷಿಕೆಗಳನ್ನು ಸೂಚಿಸುತ್ತಿತ್ತು. ಆ ಪಟ್ಟಿಯಿಂದ ಲೇಖಕರು ಶೀರ್ಷಿಕೆ ಆರಿಸಿಕೊಂಡು ಬರೆಯುತ್ತಿದ್ದರು.

ವೈರ್ಡ್ ಪತ್ರಿಕೆ 2009ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಅಲ್ಲಿ ಲೇಖಕರಿಗೆ ಸಾಮಾನ್ಯವಾಗಿ ಒಂದು ಲೇಖನಕ್ಕೆ 15 ಡಾಲರ್ ಸಿಗುತ್ತಿತ್ತು, ಅದನ್ನು ತಿದ್ದುವ ಕಾಪಿ ಎಡಿಟರ್‌ಗೆ 2.50 ಡಾಲರ್. ಈ ದರದ ಅರ್ಥ ಸರಳ ಲೆಕ್ಕದಿಂದ ತಿಳಿಯುತ್ತದೆ. ಅಮೆರಿಕದ ಒಕ್ಕೂಟ ಸರ್ಕಾರ ನಿಗದಿಪಡಿಸಿದ ಕನಿಷ್ಠ ಕೂಲಿ 2009ರ ಜುಲೈಯಿಂದ ಗಂಟೆಗೆ 7.25 ಡಾಲರ್. ಅಷ್ಟು ದುಡಿಯಬೇಕಾದರೂ ಸಂಪಾದಕ ಗಂಟೆಗೆ ಮೂರು ಲೇಖನ ಮುಗಿಸಬೇಕಿತ್ತು, ಅಂದರೆ ಒಂದಕ್ಕೆ 20 ನಿಮಿಷ. ಆ 20 ನಿಮಿಷದೊಳಗೆ ವಾಕ್ಯ ತಿದ್ದಬೇಕು, ಸಂಗತಿಗಳು ಸರಿಯೇ ಎಂದು ನೋಡಬೇಕು, ಲೇಖಕ ಕೊಟ್ಟ ಆಕರಗಳನ್ನು ತೆರೆದು ಓದಬೇಕು, ಶೈಲಿ ಕೈಪಿಡಿಯ ನಿಯಮ ಪಾಲಿಸಬೇಕು. ಒಂದು ಲೇಖನ ಕೆಟ್ಟದಾಗಿದ್ದರೆ ಆ ಗಂಟೆಯ ಗಳಿಕೆ ಕೈತಪ್ಪಿದಂತೆಯೇ. ಲೇಖನದ ಗುಣಮಟ್ಟವನ್ನು ಕಾಪಾಡಬೇಕಾದವರಿಗೆ ಅದನ್ನು ಕಾಪಾಡಲು ಬೇಕಾದ ಸಮಯವನ್ನು ದರವೇ ನಿರಾಕರಿಸುತ್ತಿತ್ತು. ಇಂದಿಗೂ ತುಂಡುದರದ ಸಂಪಾದನೆಯ ಮೂಲ ತೊಡಕು ಇದೇ.

ಉದ್ಯಮ ಮಾತ್ರ ಏರುತ್ತಲೇ ಹೋಯಿತು. ಯಾಹೂ 2010ರಲ್ಲಿ ಅಸೋಸಿಯೇಟೆಡ್ ಕಂಟೆಂಟ್ ಎಂಬ ಇಂಥದೇ ಸಂಸ್ಥೆಯನ್ನು ಸುಮಾರು 10 ಕೋಟಿ ಡಾಲರಿಗೆ ಕೊಂಡಿತು. ಡಿಮ್ಯಾಂಡ್ ಮೀಡಿಯಾ 2011ರ ಜನವರಿಯಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ಬಂದಾಗ ಅದರ ಮೌಲ್ಯ 100 ಕೋಟಿ ಡಾಲರನ್ನು ಮೀರಿತ್ತು. ಮರು ತಿಂಗಳೇ, ಅಂದರೆ 2011ರ ಫೆಬ್ರುವರಿಯಲ್ಲಿ, ಗೂಗಲ್ ತನ್ನ ಹುಡುಕಾಟದ ಕ್ರಮವನ್ನು ಬದಲಿಸಿತು. ‘ಪಾಂಡಾ’ ಎಂದು ಹೆಸರಾದ ಈ ಬದಲಾವಣೆ ಅಮೆರಿಕದ ಹುಡುಕಾಟಗಳಲ್ಲಿ ಸುಮಾರು ಶೇ 12ರಷ್ಟರ ಫಲಿತಾಂಶವನ್ನು ಪ್ರಭಾವಿಸುತ್ತದೆ ಎಂದು ಗೂಗಲ್ ತಿಳಿಸಿತ್ತು. ಹುರುಳಿಲ್ಲದ ಪುಟಗಳು ಕೆಳಗೆ ಸರಿದವು. ಪುಟಗಳ ಸಂಖ್ಯೆಯನ್ನೇ ನಂಬಿದ್ದ ಸಂಸ್ಥೆಗಳು ಹೊಸ ಲೇಖನ ಕೊಡುವುದನ್ನು ಕಡಿಮೆ ಮಾಡಿದವು. ಲೇಖನದ ಲೆಕ್ಕದಲ್ಲಿ ಬದುಕುತ್ತಿದ್ದ ಲೇಖಕರಿಗೂ ಸಂಪಾದಕರಿಗೂ ಕೆಲಸ ಇಳಿಯಿತು. ಅಸೋಸಿಯೇಟೆಡ್ ಕಂಟೆಂಟಿನ ಮುಂದುವರಿಕೆಯಾಗಿದ್ದ ಯಾಹೂ ವಾಯ್ಸಸ್ 2014ರಲ್ಲಿ ಮುಚ್ಚಿತು. ಡಿಮ್ಯಾಂಡ್ ಮೀಡಿಯಾ 2016ರಲ್ಲಿ ಲೀಫ್ ಗ್ರೂಪ್ ಎಂದು ಹೆಸರು ಬದಲಿಸಿಕೊಂಡು, 2021ರಲ್ಲಿ ಗ್ರಹಾಂ ಹೋಲ್ಡಿಂಗ್ಸ್‌ನ ಪಾಲಾಯಿತು.

ಅದಾದ ಮೇಲೆ ಬೆಳೆದ ಏಜೆನ್ಸಿಗಳು ಬೇರೆ ಬಗೆಯವು. ತಮ್ಮದೇ ತಾಣಕ್ಕೆ ಪುಟ ತುಂಬುವ ಬದಲು ಅವು ಬ್ಯಾಂಕು, ಆಸ್ಪತ್ರೆ, ಸಾಫ್ಟ್‌ವೇರ್ ಕಂಪನಿ, ಪ್ರವಾಸೋದ್ಯಮ ಮೊದಲಾದ ಗ್ರಾಹಕರಿಗೆ ಬರೆಸಿಕೊಡುತ್ತವೆ. ಅಮೆರಿಕದ ಕಂಟೆಂಟ್ಲಿ ಮತ್ತು ಸ್ಕೈವರ್ಡ್, ಜರ್ಮನಿಯ ಟೆಕ್ಸ್ಟ್‌ಬ್ರೋಕರ್, ಭಾರತದ ಪೆಪ್ಪರ್ ಕಂಟೆಂಟ್ ಈ ಗುಂಪಿಗೆ ಸೇರಿದವು.

ಕೆಲಸದ ರಚನೆ

ಕೆಲಸ ‘ಬ್ರೀಫ್’ ಎಂಬ ಸೂಚನಾಪತ್ರದಿಂದ ಆರಂಭವಾಗುತ್ತದೆ. ಲೇಖನದ ವಿಷಯ, ಪದಗಳ ಮಿತಿ, ಯಾರು ಓದುತ್ತಾರೆ, ಧಾಟಿ ಹೇಗಿರಬೇಕು, ಯಾವ ಹುಡುಕು ಪದಗಳು ಬರಬೇಕು, ಯಾವ ಪ್ರತಿಸ್ಪರ್ಧಿಯ ಹೆಸರು ಬರಬಾರದು, ಗಡುವು ಯಾವಾಗ ಎಂಬುದೆಲ್ಲ ಅದರಲ್ಲಿ ಇರುತ್ತದೆ. ಏಜೆನ್ಸಿಯ ಅಕೌಂಟ್ ಮ್ಯಾನೇಜರ್ ಅದನ್ನು ಗ್ರಾಹಕನಿಂದ ಪಡೆದು ಲೇಖಕರಿಗೆ ಕೊಡುತ್ತಾರೆ. ಲೇಖನ ಬಂದ ಮೇಲೆ ಸಂಪಾದಕರ ಸರದಿಗೆ ಸೇರುತ್ತದೆ. ಕೆಲವು ಏಜೆನ್ಸಿಗಳಲ್ಲಿ ಸರದಿಯಿಂದ ಯಾರು ಮೊದಲು ಎತ್ತಿಕೊಳ್ಳುತ್ತಾರೋ ಕೆಲಸ ಅವರದು. ಇನ್ನು ಕೆಲವೆಡೆ ಒಬ್ಬ ಗ್ರಾಹಕನಿಗೆ ಒಬ್ಬರೇ ಸಂಪಾದಕರನ್ನು ಗೊತ್ತುಮಾಡುತ್ತಾರೆ. ಎರಡನೆಯ ಪದ್ಧತಿಯಲ್ಲಿ ಸಂಪಾದಕರಿಗೆ ಗ್ರಾಹಕನ ಇಷ್ಟಾನಿಷ್ಟ ತಿಳಿದಿರುವುದರಿಂದ ತಿದ್ದುಪಡಿಯ ಸುತ್ತುಗಳು ಕಡಿಮೆಯಾಗುತ್ತವೆ.

ಸಂಪಾದಕರ ಮುಂದೆ ಮೂರು ದಾರಿಗಳಿವೆ: ತಾವೇ ತಿದ್ದಿ ಮುಂದೆ ಕಳಿಸಬಹುದು, ಟಿಪ್ಪಣಿ ಬರೆದು ಲೇಖಕರಿಗೆ ಮರಳಿಸಬಹುದು, ಇಲ್ಲವೇ ಬ್ರೀಫ್‌ಗೆ ಹೊಂದದ ಕರಡನ್ನು ತಿರಸ್ಕರಿಸಬಹುದು. ಮರಳಿಸುವ ಟಿಪ್ಪಣಿ ಬರೆಯುವುದೇ ಈ ವೃತ್ತಿಯಲ್ಲಿ ಕಲಿಯಲು ಕಷ್ಟವಾದ ಕೌಶಲ. ‘ಎರಡನೆಯ ಪ್ಯಾರಾದ ಬಡ್ಡಿದರಕ್ಕೆ ಆಧಾರ ಕೊಡಿ’ ಎಂಬ ಟಿಪ್ಪಣಿಯಿಂದ ಲೇಖಕ ಮುಂದಿನ ಹತ್ತು ಲೇಖನಗಳನ್ನು ಸುಧಾರಿಸಿಕೊಳ್ಳಬಲ್ಲ. ‘ಗುಣಮಟ್ಟ ಸಾಲದು’ ಎಂದಷ್ಟೇ ಬರೆದರೆ ಏನನ್ನೂ ಕಲಿಯಲಾರ. ಆದರೆ ಟಿಪ್ಪಣಿಗೆ ತಗಲುವ ಸಮಯಕ್ಕೆ ಬಹಳಷ್ಟು ಏಜೆನ್ಸಿಗಳಲ್ಲಿ ಪ್ರತ್ಯೇಕ ಸಂಭಾವನೆ ಇಲ್ಲ. ಲೇಖನ ಎರಡು ಮೂರು ಸುತ್ತು ಓಡಾಡಿದರೂ ಹಣ ಒಂದೇ ಸಲ.

ಸಂಪಾದಕರ ಆಯ್ಕೆ ಪರೀಕ್ಷೆಯ ಮೂಲಕ ನಡೆಯುತ್ತದೆ. ತಪ್ಪುಗಳಿರುವ ಲೇಖನವೊಂದನ್ನು ಕೊಟ್ಟು ತಿದ್ದಲು ಹೇಳುತ್ತಾರೆ. ಕೆಲಸಕ್ಕೆ ಸೇರಿದ ಮೇಲೂ ಅಂಕ ತಪ್ಪಿದ್ದಲ್ಲ. ಗಡುವು ಪಾಲನೆ, ಗ್ರಾಹಕನ ದೂರು, ಮರುಪರಿಶೀಲನೆಯಲ್ಲಿ ಸಿಕ್ಕ ತಪ್ಪು ಇವುಗಳಿಂದ ರೇಟಿಂಗ್ ಕಟ್ಟಲಾಗುತ್ತದೆ. ರೇಟಿಂಗ್ ಇಳಿದರೆ ಸರದಿಯಲ್ಲಿ ಕೆಲಸ ಕಾಣಿಸುವುದೇ ನಿಲ್ಲಬಹುದು. ಹಾಗಾದಾಗ ಕಾರಣ ಕೇಳಲು ಮೇಲಧಿಕಾರಿ ಎಂಬ ವ್ಯಕ್ತಿ ಇರುವುದಿಲ್ಲ.

ಪ್ರಕಟವಾದ ಪುಟದಲ್ಲಿ ಸಂಪಾದಕರ ಹೆಸರು ಸಾಮಾನ್ಯವಾಗಿ ಇರುವುದಿಲ್ಲ; ಎಷ್ಟೋ ಸಲ ಲೇಖಕರದೂ ಇಲ್ಲ, ಗ್ರಾಹಕ ಕಂಪನಿಯ ಹೆಸರಷ್ಟೇ. ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿದವರು ‘ಇದನ್ನು ತಿದ್ದಿದ್ದು ನಾನು’ ಎಂದು ಮುಂದಿನ ಕೆಲಸಕ್ಕೆ ಮಾದರಿಯಾಗಿ ತೋರಿಸುವಂತೆಯೂ ಇಲ್ಲ. ಹೀಗಾಗಿ ಹತ್ತು ವರ್ಷ ಅನುಭವವಿರುವವರೂ ಹೊಸ ಏಜೆನ್ಸಿಯಲ್ಲಿ ಮತ್ತೆ ಪರೀಕ್ಷೆ ಬರೆಯಬೇಕಾಗುತ್ತದೆ.

ಸಂಪಾದನೆಯ ಬಗೆಗಳು

ಪುಸ್ತಕೋದ್ಯಮದಿಂದ ಬಂದ ವಿಂಗಡಣೆಯೇ ಇಲ್ಲಿಯೂ ಬಳಕೆಯಲ್ಲಿದೆ. ರಚನಾ ಸಂಪಾದನೆಯಲ್ಲಿ ಲೇಖನದ ಕಟ್ಟಡವನ್ನೇ ಬದಲಿಸಲಾಗುತ್ತದೆ: ಪ್ಯಾರಾಗಳ ಕ್ರಮ, ಬಿಟ್ಟುಹೋದ ಸಂಗತಿ, ಬೇಡದ ಭಾಗ. ವಾಕ್ಯ ಸಂಪಾದನೆ ಓಟ ಮತ್ತು ಸ್ಪಷ್ಟತೆಗೆ ಸಂಬಂಧಿಸಿದ್ದು. ಕಾಪಿ ಎಡಿಟಿಂಗ್ ವ್ಯಾಕರಣ, ಕಾಗುಣಿತ, ಏಕರೂಪತೆ ಮತ್ತು ಶೈಲಿ ಕೈಪಿಡಿಯ ಪಾಲನೆಗೆ ಸೀಮಿತ. ಪ್ರೂಫ್ ನೋಡುವುದು ಪ್ರಕಟಣೆಗೆ ಮುಂಚಿನ ಕೊನೆಯ ಓದು. ಏಜೆನ್ಸಿಯ ಒಪ್ಪಂದದಲ್ಲಿ ‘ಎಡಿಟಿಂಗ್’ ಎಂದಷ್ಟೇ ಬರೆದು ಈ ನಾಲ್ಕನ್ನೂ ಒಬ್ಬರಿಂದಲೇ ಮಾಡಿಸುವುದು ಸಾಮಾನ್ಯ. ಜಗಳಗಳು ಹುಟ್ಟುವುದೂ ಇಲ್ಲಿಯೇ.

ಜಾಲಬರಹಕ್ಕೆ ವಿಶೇಷವಾದ ಕೆಲಸಗಳೂ ಇವೆ. ಹುಡುಕಾಟಕ್ಕೆ ಒಗ್ಗಿಸುವ ಸಂಪಾದನೆಯಲ್ಲಿ ಶೀರ್ಷಿಕೆ, ಉಪಶೀರ್ಷಿಕೆ, ಪುಟದ ಕಿರುವಿವರಣೆ, ಕೊಂಡಿಗಳು ಮತ್ತು ಚಿತ್ರದ ಪರ್ಯಾಯ ಪಠ್ಯವನ್ನು ನೋಡಿಕೊಳ್ಳಬೇಕು. ಹಳೆಯ ಲೇಖನಗಳ ಅಂಕಿಅಂಶ ಮತ್ತು ಕೊಂಡಿಗಳನ್ನು ಹೊಸದುಮಾಡುವುದು ಇನ್ನೊಂದು. ಅನುವಾದ ಪರಿಷ್ಕರಣೆ ಮೂರನೆಯದು. ಅನುವಾದ ಸೇವೆಯ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 17100 (2015), ಅನುವಾದಕರಲ್ಲದ ಎರಡನೆಯ ವ್ಯಕ್ತಿಯೊಬ್ಬರು ಮೂಲದೊಡನೆ ಹೋಲಿಸಿ ಪರಿಷ್ಕರಿಸುವುದನ್ನು ಕಡ್ಡಾಯ ಮಾಡಿದೆ. ಯಂತ್ರಾನುವಾದವನ್ನು ಮನುಷ್ಯರು ತಿದ್ದುವ ಕ್ರಮಕ್ಕೆ ಐಎಸ್‌ಒ 18587 (2017) ಎಂಬ ಬೇರೆ ಮಾನಕವಿದೆ.

ಸಂಭಾವನೆ

ಪದಕ್ಕೆ ಇಷ್ಟು, ಲೇಖನಕ್ಕೆ ಇಷ್ಟು, ಗಂಟೆಗೆ ಇಷ್ಟು, ತಿಂಗಳಿಗೆ ಇಷ್ಟು ಎಂಬ ನಾಲ್ಕು ಲೆಕ್ಕಗಳು ಬಳಕೆಯಲ್ಲಿವೆ. ಗಂಟೆಯ ಲೆಕ್ಕದಲ್ಲಿ ಕೆಟ್ಟ ಲೇಖನದ ಹೊರೆ ಏಜೆನ್ಸಿಯ ಮೇಲೆ ಬೀಳುತ್ತದೆ, ಪದದ ಲೆಕ್ಕದಲ್ಲಿ ಸಂಪಾದಕರ ಮೇಲೆ. ಏಜೆನ್ಸಿಗಳು ಪದದ ಲೆಕ್ಕವನ್ನು ಇಷ್ಟಪಡಲು ಇದೇ ಕಾರಣ. ಪದದ ಲೆಕ್ಕ ಇಂಗ್ಲಿಷಿನಿಂದ ಬಂದದ್ದು. ಕನ್ನಡಕ್ಕೆ ಅದನ್ನು ಹಾಗೆಯೇ ಹೊಂದಿಸಿದಾಗ ಅನ್ಯಾಯವಾಗುತ್ತದೆ. ವಿಭಕ್ತಿ, ಕಾಲ, ನಿಷೇಧ ಎಲ್ಲವನ್ನೂ ಪದದೊಳಗೇ ಸೇರಿಸಿಕೊಳ್ಳುವ ಕನ್ನಡದಲ್ಲಿ ಅದೇ ವಿಷಯಕ್ಕೆ ಇಂಗ್ಲಿಷಿಗಿಂತ ಕಡಿಮೆ ಪದಗಳು ಸಾಕಾಗುತ್ತವೆ. ಮೂಲ ಇಂಗ್ಲಿಷಿನ ಪದಸಂಖ್ಯೆಗೆ ಹಣ ಕೊಡುತ್ತಾರೋ ಕನ್ನಡದ ಪದಸಂಖ್ಯೆಗೋ ಎಂಬುದನ್ನು ಒಪ್ಪಂದದಲ್ಲೇ ಸ್ಪಷ್ಟಪಡಿಸಿಕೊಳ್ಳಬೇಕಾಗುತ್ತದೆ.

ಮಧ್ಯವರ್ತಿ ತಾಣಗಳ ಮೂಲಕ ಕೆಲಸ ಪಡೆದರೆ ದಲ್ಲಾಳಿ ಶುಲ್ಕವೂ ಕಡಿತವಾಗುತ್ತದೆ. ಅಪ್‌ವರ್ಕ್ 2016ರಿಂದ ಗಳಿಕೆಗೆ ತಕ್ಕಂತೆ ಶೇ 20, 10 ಮತ್ತು 5ರ ಮೂರು ಹಂತಗಳಲ್ಲಿ ಶುಲ್ಕ ಹಿಡಿಯುತ್ತಿತ್ತು. 2023ರಿಂದ 2025ರವರೆಗೆ ಅದು ಎಲ್ಲರಿಗೂ ಶೇ 10 ಇತ್ತು. ವಿದೇಶಿ ಗ್ರಾಹಕರ ಹಣ ಪೇಪಾಲ್, ಪಯೋನೀರ್ ಮುಂತಾದ ಸೇವೆಗಳ ಮೂಲಕ ಅಥವಾ ನೇರ ಬ್ಯಾಂಕ್ ವರ್ಗಾವಣೆಯಿಂದ ಬರುತ್ತದೆ. ಪೇಪಾಲ್ 2021ರ ಏಪ್ರಿಲ್ 1ರಿಂದ ಭಾರತದೊಳಗಿನ ಪಾವತಿಯನ್ನು ನಿಲ್ಲಿಸಿ ಹೊರದೇಶದ ಪಾವತಿಗೆ ಮಾತ್ರ ಸೀಮಿತವಾಯಿತು.

ಸಾಧನಗಳು

ವರ್ಡ್ ಮತ್ತು ಗೂಗಲ್ ಡಾಕ್ಸ್‌ನಲ್ಲಿ ತಿದ್ದುಪಡಿಗಳನ್ನು ಗುರುತಿಸಿ ತೋರಿಸುವ ಸೌಲಭ್ಯವೇ ಮುಖ್ಯ ಸಾಧನ. ಕೃತಿಚೌರ್ಯ ಪತ್ತೆಗೆ 2004ರಲ್ಲಿ ಬಂದ ಕಾಪಿಸ್ಕೇಪ್, ವ್ಯಾಕರಣಕ್ಕೆ 2009ರಲ್ಲಿ ಬಂದ ಗ್ರಾಮರ್ಲಿ ವ್ಯಾಪಕ ಬಳಕೆಯಲ್ಲಿವೆ. ಇಂಗ್ಲಿಷ್ ಲೇಖನಗಳಿಗೆ ಅಸೋಸಿಯೇಟೆಡ್ ಪ್ರೆಸ್‌ನ ಕೈಪಿಡಿ ಅಥವಾ 1906ರಿಂದ ಪರಿಷ್ಕರಣೆಗೊಳ್ಳುತ್ತ ಬಂದಿರುವ ಶಿಕಾಗೊ ಕೈಪಿಡಿಯನ್ನು ಅನುಸರಿಸುತ್ತಾರೆ. ಓದುವ ಸುಲಭತೆಯನ್ನು ಅಳೆಯುವ ಫ್ಲೆಶ್ ಸೂತ್ರವನ್ನು ವಾಕ್ಯದ ಉದ್ದ ಮತ್ತು ಪದದಲ್ಲಿನ ಉಚ್ಚಾರಾಂಶಗಳ ಮೇಲೆ ಇಂಗ್ಲಿಷಿಗಾಗಿ ರೂಪಿಸಲಾಗಿದೆ. ‘ಬರೆಯಲಾಗದವರಿಗೂ’ ಎಂಬ ಒಂದೇ ಪದ ಬರಬಹುದಾದ ಕನ್ನಡಕ್ಕೆ ಆ ಅಳತೆ ಒಪ್ಪುವುದಿಲ್ಲ.

ಕನ್ನಡದಲ್ಲಿ

ಕರ್ನಾಟಕದಲ್ಲಿ ಏಜೆನ್ಸಿಗಳಿಗೆ ಕೆಲಸ ಮಾಡುವ ಸಂಪಾದಕರು ಎರಡು ಬಗೆ: ಇಂಗ್ಲಿಷ್ ಬರಹ ತಿದ್ದುವವರು ಮತ್ತು ಕನ್ನಡ ಬರಹ ತಿದ್ದುವವರು. ಕನ್ನಡದ ಕೆಲಸದಲ್ಲಿ ದೊಡ್ಡ ಪಾಲು ಇಂಗ್ಲಿಷಿನಿಂದ ಬಂದದ್ದೇ: ಬ್ಯಾಂಕಿನ ಜಾಲಪುಟ, ಆ್ಯಪ್‌ನ ಸೂಚನೆಗಳು, ಆರೋಗ್ಯ ಮಾಹಿತಿ, ಮಾರಾಟದ ಸರಕಿನ ವಿವರಣೆ.

ಸಂಪಾದನೆಗೆ ಹಣವಿಡದೆ ಅನುವಾದಕ್ಕೆ ಮಾತ್ರ ಇಟ್ಟರೆ ಏನಾಗುತ್ತದೆ ಎಂಬುದನ್ನು ಗೂಗಲ್‌ನ ವಿಕಿಪೀಡಿಯ ಅನುವಾದ ಯೋಜನೆ ತೋರಿಸಿತು. 2009ರಲ್ಲಿ ಬಂದ ಗೂಗಲ್ ಟ್ರಾನ್ಸ್‌ಲೇಟರ್ ಟೂಲ್‌ಕಿಟ್ ಬಳಸಿ ಕನ್ನಡ, ತಮಿಳು, ತೆಲುಗು, ಹಿಂದಿ, ಗುಜರಾತಿ, ಅರಬ್ಬಿ, ಸ್ವಾಹಿಲಿ ಮೊದಲಾದ ಭಾಷೆಗಳ ವಿಕಿಪೀಡಿಯಗಳಿಗೆ ಇಂಗ್ಲಿಷಿನ ಲೇಖನಗಳನ್ನು ಅನುವಾದಿಸಿ ಸೇರಿಸಲಾಯಿತು. ಅನುವಾದಕರಿಗೆ ಸಂಭಾವನೆ ಇತ್ತು. ಸೇರಿಸಿದ ಲೇಖನಗಳಲ್ಲಿನ ಕೃತಕ ವಾಕ್ಯಗಳನ್ನೂ ತಪ್ಪುಗಳನ್ನೂ ಸರಿಪಡಿಸುವ ಭಾರ ಮಾತ್ರ ಬಹುಮಟ್ಟಿಗೆ ಸಂಭಾವನೆಯಿಲ್ಲದ ವಿಕಿಪೀಡಿಯ ಸ್ವಯಂಸೇವಕರ ಮೇಲೆ ಬಿತ್ತು. ತಮಿಳು ವಿಕಿಪೀಡಿಯದವರು 2010ರ ವಿಕಿಮೇನಿಯಾ ಸಮಾವೇಶದಲ್ಲಿ ಈ ಬಗ್ಗೆ ವಿಮರ್ಶೆ ಮಂಡಿಸಿದರು. ಬಂಗಾಳಿ ವಿಕಿಪೀಡಿಯ ಇಂಥ ಲೇಖನಗಳನ್ನು ಒಪ್ಪಿಕೊಳ್ಳಲಿಲ್ಲ. ಯೋಜನೆ 2011ರಲ್ಲಿ ನಿಂತಿತು.

ಕನ್ನಡ ಸಂಪಾದಕರು ದಿನವೂ ಎದುರಿಸುವ ತೊಡಕುಗಳಲ್ಲಿ ಮೊದಲನೆಯದು ಅಕ್ಷರ ಸಂಕೇತದ್ದು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚಾದ ಕಡತವನ್ನು ಯೂನಿಕೋಡಿಗೆ ಬದಲಿಸುವಾಗ ಅರ್ಕಾವತ್ತು, ಒತ್ತಕ್ಷರ, ದೀರ್ಘದ ಗುರುತುಗಳು ಸ್ಥಾನ ತಪ್ಪಬಹುದು. ಕಣ್ಣಿಗೆ ಕಾಣದ ಅಗಲರಹಿತ ಬೇರ್ಪಡಕ ಇನ್ನೊಂದು ಸಮಸ್ಯೆ. ಅದಿದ್ದರೆ ‘ಸಾಫ್ಟ್‌ವೇರ್’, ಇಲ್ಲದಿದ್ದರೆ ‘ಸಾಫ್ಟ್ವೇರ್’. ಓದುಗನಿಗೆ ಇವು ಒಂದೇ ಪದ, ಗಣಕಕ್ಕೆ ಎರಡು. ಒಂದನ್ನು ಹುಡುಕಿದಾಗ ಇನ್ನೊಂದು ಸಿಗದೆ ಹೋಗಬಹುದು.

ಎರಡನೆಯದು ಹುಡುಕು ಪದ. ‘ಗೃಹಸಾಲ ಬಡ್ಡಿದರ’ ಎಂಬುದು ಲೇಖನದಲ್ಲಿ ಇಷ್ಟು ಸಲ ಹಾಗೆಯೇ ಬರಬೇಕೆಂದು ಬ್ರೀಫ್ ಹೇಳಬಹುದು. ಕನ್ನಡದ ವಾಕ್ಯದಲ್ಲಿ ಅದು ‘ಗೃಹಸಾಲದ ಬಡ್ಡಿದರವು’, ‘ಗೃಹಸಾಲಕ್ಕೆ ಬಡ್ಡಿದರ’, ‘ಬಡ್ಡಿದರದಲ್ಲಿ’ ಎಂದಾಗುತ್ತದೆ. ಪ್ರತ್ಯಯ ಹಚ್ಚದೆ ತುರುಕಿದರೆ ವಾಕ್ಯ ಕೆಡುತ್ತದೆ. ಹಚ್ಚಿದರೆ ಏಜೆನ್ಸಿಯ ಎಣಿಕೆ ತಂತ್ರಾಂಶ ಪದ ಬಂದಿಲ್ಲವೆಂದು ಗುರುತು ಹಾಕುತ್ತದೆ. ಶೀರ್ಷಿಕೆ ಮತ್ತು ಉಪಶೀರ್ಷಿಕೆಗಳಲ್ಲಿ ಪದವನ್ನು ಮೂಲರೂಪದಲ್ಲಿ ಇಟ್ಟು, ವಾಕ್ಯದೊಳಗೆ ಸಹಜ ರೂಪವನ್ನೇ ಬಳಸುವುದು ಅನುಭವಿ ಸಂಪಾದಕರ ಪರಿಹಾರ.

ಮೂರನೆಯದಾಗಿ ಅನುವಾದದ ಎಡವಟ್ಟುಗಳು. ‘ನಮ್ಮಿಂದ ನೀಡಲ್ಪಡುವ ಸೇವೆ’ ಎಂಬಂಥ ಕರ್ಮಣಿ, ನಾಮಪದಗಳನ್ನು ಸರಪಳಿಯಂತೆ ಪೋಣಿಸುವುದು, ಇಂಗ್ಲಿಷಿನ ಉಪವಾಕ್ಯದ ಕ್ರಮ, ಬೇಡದ ಕಡೆ ‘ಒಂದು’ ಮತ್ತು ‘ನಿಮ್ಮ’ ಇವುಗಳನ್ನು ಅಲ್ಲಲ್ಲಿ ಅಕ್ಷರ ಬದಲಿಸಿ ಸರಿಪಡಿಸಲಾಗದು, ವಾಕ್ಯವನ್ನೇ ಮತ್ತೆ ಬರೆಯಬೇಕಾಗುತ್ತದೆ. ಆ ಕೆಲಸಕ್ಕೆ ಪ್ರೂಫ್ ನೋಡುವ ದರವನ್ನು ಗೊತ್ತುಮಾಡುವುದು ನ್ಯಾಯವಲ್ಲ.

ಕಾಗುಣಿತದ ಅನುಮಾನಗಳಿಗೆ ಆಧಾರಗಳಿವೆ. ಕಿಟೆಲ್ ನಿಘಂಟು (1894), ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು, ಜಿ. ವೆಂಕಟಸುಬ್ಬಯ್ಯನವರು ಪ್ರಜಾವಾಣಿಯಲ್ಲಿ 1991ರಿಂದ ಬರೆದ ‘ಇಗೋ ಕನ್ನಡ’ ಅಂಕಣದ ಸಂಕಲನಗಳು ಅವುಗಳಲ್ಲಿ ಮುಖ್ಯ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಸಿದ್ಧಪಡಿಸಿದ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ 2019ರಲ್ಲಿ ಜಾಲದಲ್ಲಿ ಮುಕ್ತವಾಗಿ ದೊರೆಯುವಂತಾಯಿತು. ಆದರೆ ಅಂಕಿಗಳನ್ನು ಹೇಗೆ ಬರೆಯಬೇಕು, ‘ಬ್ಯಾಂಕಿಗೆ’ ಸರಿಯೋ ‘ಬ್ಯಾಂಕ್‌ಗೆ’ ಸರಿಯೋ, ಎಲ್ಲಿ ಪದ ಕೂಡಿಸಬೇಕು ಎಲ್ಲಿ ಬಿಡಿಸಬೇಕು ಎಂಬ ವಿಷಯಗಳಲ್ಲಿ ಪತ್ರಿಕೆಗಳು ತಮ್ಮ ತಮ್ಮ ರೂಢಿಯನ್ನು ಪಾಲಿಸುತ್ತವೆ. ಏಜೆನ್ಸಿಯಲ್ಲಿ ಅದು ಗ್ರಾಹಕನಿಂದ ಗ್ರಾಹಕನಿಗೆ ಬದಲಾಗುತ್ತದೆ. ಆದ್ದರಿಂದ ಪ್ರತಿ ಗ್ರಾಹಕನಿಗೂ ಒಂದು ಪದಪಟ್ಟಿಯನ್ನು ಸಂಪಾದಕರೇ ಕಟ್ಟಿಕೊಳ್ಳುತ್ತಾರೆ.

ಕಾನೂನು

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ನೌಕರರಲ್ಲದವರು ಬರೆದ ಬರಹದ ಮೊದಲ ಹಕ್ಕುದಾರರು ಸಾಮಾನ್ಯವಾಗಿ ಬರೆದವರೇ. ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. ಅವಧಿಯನ್ನು ಹೇಳದಿದ್ದರೆ ಅದು ಐದು ವರ್ಷವೆಂದೂ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಸೀಮಿತವೆಂದೂ 19ನೆಯ ಕಲಮು ಹೇಳುತ್ತದೆ. ಇದರಿಂದಾಗಿಯೇ ಏಜೆನ್ಸಿಗಳ ಒಪ್ಪಂದಗಳು ಎಲ್ಲ ಹಕ್ಕನ್ನೂ ಎಲ್ಲ ದೇಶಗಳಿಗೂ ಶಾಶ್ವತವಾಗಿ ಬರೆಸಿಕೊಳ್ಳುತ್ತವೆ.

ಪಾವತಿ ತಡವಾಗುವುದು ಈ ವೃತ್ತಿಯಲ್ಲಿ ಎಲ್ಲೆಡೆಯೂ ಕೇಳಿಬರುವ ದೂರು. ನ್ಯೂಯಾರ್ಕ್ ನಗರದಲ್ಲಿ 2017ರಲ್ಲಿ ಜಾರಿಗೆ ಬಂದ ಕಾನೂನು, 800 ಡಾಲರ್ ಮತ್ತು ಮೇಲ್ಪಟ್ಟ ಫ್ರೀಲ್ಯಾನ್ಸ್ ಕೆಲಸಕ್ಕೆ ಲಿಖಿತ ಒಪ್ಪಂದವನ್ನು ಕಡ್ಡಾಯ ಮಾಡಿ, ಒಪ್ಪಂದದಲ್ಲಿ ದಿನಾಂಕ ಇಲ್ಲದಿದ್ದರೆ ಕೆಲಸ ಮುಗಿದ 30 ದಿನದೊಳಗೆ ಹಣ ಕೊಡಬೇಕೆಂದಿತು. ಭಾರತದಲ್ಲಿ ಸರ್ಕಾರದ ಉದ್ಯಮ್ ತಾಣದಲ್ಲಿ ಕಿರು ಉದ್ಯಮವಾಗಿ ನೋಂದಾಯಿಸಿಕೊಂಡವರಿಗೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ರಕ್ಷಣೆ ಸಿಗುತ್ತದೆ: ಒಪ್ಪಂದ ಏನೇ ಹೇಳಲಿ, ಪಾವತಿ 45 ದಿನ ಮೀರುವಂತಿಲ್ಲ, ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ ಕೊಡಬೇಕು. ಒಬ್ಬರೇ ಮನೆಯಲ್ಲಿ ಕುಳಿತು ಮಾಡುವ ಕೆಲಸಕ್ಕೂ ಈ ನೋಂದಣಿ ಸಾಧ್ಯ.

ರಕ್ಷಣೆಗೆಂದು ತಂದ ಕಾನೂನು ಕೆಲಸವನ್ನೇ ಕಸಿದ ಉದಾಹರಣೆಯೂ ಇದೆ. ಕ್ಯಾಲಿಫೋರ್ನಿಯಾದಲ್ಲಿ 2020ರ ಜನವರಿಯಿಂದ ಜಾರಿಗೆ ಬಂದ ಎಬಿ 5 ಎಂಬ ಕಾಯ್ದೆ, ಫ್ರೀಲ್ಯಾನ್ಸ್ ಲೇಖಕರಾಗಲಿ ಸಂಪಾದಕರಾಗಲಿ ಒಂದು ಸಂಸ್ಥೆಗೆ ವರ್ಷಕ್ಕೆ 35ಕ್ಕಿಂತ ಹೆಚ್ಚು ಬರಹ ಒಪ್ಪಿಸಿದರೆ ಅವರನ್ನು ಸ್ವತಂತ್ರರೆಂದು ಪರಿಗಣಿಸುವ ವಿನಾಯಿತಿಯನ್ನು ಇಲ್ಲವಾಗಿಸಿತು. ಸಂಸ್ಥೆಗಳು ಅವರನ್ನು ನೌಕರರನ್ನಾಗಿ ತೆಗೆದುಕೊಳ್ಳುವ ಬದಲು ಕೆಲಸ ಕೊಡುವುದನ್ನೇ ನಿಲ್ಲಿಸತೊಡಗಿದವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ 35ರ ಮಿತಿಯನ್ನು ತೆಗೆದುಹಾಕಲಾಯಿತು.

ಯಂತ್ರಬರಹ ಬಂದ ಮೇಲೆ

ಚಾಟ್‌ಜಿಪಿಟಿ 2022ರ ನವೆಂಬರ್ 30ರಂದು ಬಿಡುಗಡೆಯಾದ ನಂತರ ಏಜೆನ್ಸಿಗಳ ಕೆಲಸದ ಕ್ರಮ ಬದಲಾಯಿತು. ಮೊದಲ ಕರಡನ್ನು ಯಂತ್ರದಿಂದ ಬರೆಸಿ, ಲೇಖಕರನ್ನು ಬಿಟ್ಟು, ಸಂಪಾದಕರಿಗೆ ನೇರವಾಗಿ ಕೊಡುವ ಪದ್ಧತಿ ಹಬ್ಬಿತು. ಯಂತ್ರದ ಕರಡಿನಲ್ಲಿ ಕಾಗುಣಿತದ ತಪ್ಪು ಕಡಿಮೆ, ತಪ್ಪಿರುವುದು ಸಂಗತಿಯಲ್ಲಿ. ಇಲ್ಲದ ಪುಸ್ತಕ, ಆಗದ ಘಟನೆ, ತಪ್ಪು ಲೆಕ್ಕ ಎಲ್ಲವೂ ಸರಾಗವಾದ ವಾಕ್ಯದಲ್ಲಿ ಅಡಗಿರುತ್ತವೆ. ಮನುಷ್ಯರ ಬರಹದಲ್ಲಿ ವಾಕ್ಯ ತೊಡರಿದ ಕಡೆ ವಿಷಯವೂ ತೊಡರಿರಬಹುದೆಂಬ ಸುಳಿವು ಸಿಗುತ್ತಿತ್ತು. ಇಲ್ಲಿ ಆ ಸುಳಿವಿಲ್ಲ. ಹಾಗಾಗಿ ಪ್ರತಿಯೊಂದು ಸಂಗತಿಯನ್ನೂ ಪ್ರತ್ಯೇಕವಾಗಿ ಪರಿಶೀಲಿಸಬೇಕು. ಅಮೆರಿಕದ ಸಿನೆಟ್ ತಾಣವು ಯಂತ್ರದಿಂದ ಬರೆಸಿದ 77 ಹಣಕಾಸು ಲೇಖನಗಳಲ್ಲಿ 41ಕ್ಕೆ ತಿದ್ದುಪಡಿ ಹಾಕಬೇಕಾಯಿತೆಂದು 2023ರ ಜನವರಿಯಲ್ಲಿ ಪ್ರಕಟಿಸಿತು. ಅವು ಸಂಪಾದಕರ ಕೈದಾಟಿ ಬಂದಿದ್ದ ಲೇಖನಗಳೇ.

ಲೇಖಕರು ಯಂತ್ರದಿಂದ ಬರೆಸಿದ್ದಾರೆಯೇ ಎಂದು ಪತ್ತೆಹಚ್ಚುವ ತಂತ್ರಾಂಶಗಳನ್ನು ಏಜೆನ್ಸಿಗಳು ಸಂಪಾದಕರ ಕೈಗಿತ್ತಿವೆ. ಇವುಗಳ ವಿಶ್ವಾಸಾರ್ಹತೆ ಕಡಿಮೆ. ಓಪನ್‌ಎಐ ತಾನೇ ತಯಾರಿಸಿದ ಪತ್ತೆ ಸಾಧನವನ್ನು ನಿಖರತೆ ಸಾಲದೆಂಬ ಕಾರಣಕ್ಕೆ 2023ರ ಜುಲೈಯಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಥ ಏಳು ಸಾಧನಗಳನ್ನು ಪರೀಕ್ಷಿಸಿದಾಗ, ಇಂಗ್ಲಿಷ್ ಮಾತೃಭಾಷೆಯಲ್ಲದವರು ತಾವೇ ಬರೆದ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಅವು ಯಂತ್ರಬರಹವೆಂದು ತಪ್ಪಾಗಿ ಗುರುತಿಸಿದವು. ಭಾರತದ ಲೇಖಕರಿಗೆ ಈ ಫಲಿತಾಂಶ ನೇರವಾಗಿ ತಟ್ಟುವಂಥದ್ದು. ತಂತ್ರಾಂಶದ ಅಂಕವೊಂದನ್ನೇ ಆಧಾರ ಮಾಡಿಕೊಂಡು ಯಾರ ಬರಹವನ್ನೂ ತಿರಸ್ಕರಿಸಬಾರದು.

ಗೂಗಲ್ ಯಂತ್ರಬರಹವನ್ನು ನಿಷೇಧಿಸಿಲ್ಲ. ಬರಹ ಹೇಗೆ ತಯಾರಾಯಿತು ಎಂಬುದಕ್ಕಿಂತ ಅದರ ಗುಣ ಮುಖ್ಯವೆಂದು 2023ರ ಫೆಬ್ರುವರಿಯಲ್ಲಿ ಹೇಳಿತು. 2024ರ ಮಾರ್ಚಿನಲ್ಲಿ, ಹುಡುಕಾಟದಲ್ಲಿ ಸ್ಥಾನ ಗಿಟ್ಟಿಸಲೆಂದೇ ಮೂಲಸತ್ವವಿಲ್ಲದ ಪುಟಗಳನ್ನು ರಾಶಿಯಾಗಿ ತಯಾರಿಸುವುದನ್ನು, ಮನುಷ್ಯರೇ ಮಾಡಲಿ ಯಂತ್ರವೇ ಮಾಡಲಿ, ದುರ್ಬಳಕೆಯೆಂದು ಸೇರಿಸಿತು.

ಇಂದಿನ ಸ್ಥಿತಿ

ಅಪ್‌ವರ್ಕ್‌ನ ಮಾಹಿತಿ ಆಧರಿಸಿದ ಅಧ್ಯಯನವೊಂದು, ಚಾಟ್‌ಜಿಪಿಟಿ ಬಂದ ಕೆಲವೇ ತಿಂಗಳಲ್ಲಿ ಬರಹಕ್ಕೆ ಸಂಬಂಧಿಸಿದ ಫ್ರೀಲ್ಯಾನ್ಸರ್‌ಗಳಿಗೆ ಸಿಗುವ ಕೆಲಸ ಸುಮಾರು ಶೇ 2ರಷ್ಟೂ, ತಿಂಗಳ ಗಳಿಕೆ ಸುಮಾರು ಶೇ 5ರಷ್ಟೂ ಇಳಿದಿದ್ದನ್ನು ದಾಖಲಿಸಿತು. ಅನುಭವ ಮತ್ತು ಹೆಸರು ಗಳಿಸಿದವರೂ ಈ ಇಳಿಕೆಯಿಂದ ಪಾರಾಗಲಿಲ್ಲ. ಕಾನೂನು, ವೈದ್ಯಕೀಯ, ಹಣಕಾಸಿನಂಥ ವಿಷಯಗಳಲ್ಲಿ ತಪ್ಪಿನ ಬೆಲೆ ದೊಡ್ಡದಾದ್ದರಿಂದ ವಿಷಯ ಬಲ್ಲ ಸಂಪಾದಕರನ್ನು ಏಜೆನ್ಸಿಗಳು ಈಗಲೂ ಹುಡುಕುತ್ತವೆ. ಕನ್ನಡದಲ್ಲಿ ಗೂಗಲ್ ಅನುವಾದ ಸೇವೆ 2011ರಿಂದ ಇದೆ, 2017ರಿಂದ ನರಜಾಲ ಆಧಾರಿತ ಅನುವಾದವಿದೆ. ವಾಕ್ಯ ಸುಧಾರಿಸಿದೆ, ಆದರೆ ಧಾಟಿ, ಗೌರವಸೂಚಕ, ಪ್ರದೇಶದ ನುಡಿಗಟ್ಟುಗಳಿಗೆ ಇನ್ನೂ ಮನುಷ್ಯರ ಕಣ್ಣು ಬೇಕು.

ನೀತಿ ಆಯೋಗದ 2022ರ ವರದಿ 2020–21ರಲ್ಲಿ ಭಾರತದಲ್ಲಿ, ಖಾಯಂ ನೌಕರಿಯಿಲ್ಲದೆ ಕೆಲಸಕ್ಕೆ ಇಷ್ಟು ಎಂದು ದುಡಿಯುವ 77 ಲಕ್ಷ ಗಿಗ್ ಕಾರ್ಮಿಕರಿದ್ದರೆಂದು ಅಂದಾಜಿಸಿತು. ಸಾರ್ವಜನಿಕ ಚರ್ಚೆಯಲ್ಲಿ ಗಿಗ್ ಕಾರ್ಮಿಕರ ಮಾತು ಬಂದಾಗ ಊಟ ತಲುಪಿಸುವವರು, ಟ್ಯಾಕ್ಸಿ ಓಡಿಸುವವರು ಮಾತ್ರ ನೆನಪಾಗುತ್ತಾರೆ. ಕರ್ನಾಟಕ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ (ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ) ಕಾಯ್ದೆ, 2025 ಇನ್ನೂ ವಿಶಾಲವಾಗಿದೆ. ಅದು ಕಾರ್ಮಿಕರ ನೋಂದಣಿ, ಶೇ 1ರಿಂದ 5ರವರೆಗಿನ ಕಲ್ಯಾಣ ಶುಲ್ಕ, ರೇಟಿಂಗ್ ಮತ್ತು ಕೆಲಸ ಹಂಚಿಕೆಯ ಸ್ವಯಂಚಾಲಿತ ವ್ಯವಸ್ಥೆಯ ಬಗ್ಗೆ ಮಾಹಿತಿ ಪಡೆಯುವ ಹಕ್ಕು, ಕೆಲಸದಿಂದ ತೆಗೆಯುವ ಮುನ್ನ ಲಿಖಿತ ಕಾರಣ ಮತ್ತು 14 ದಿನಗಳ ಸೂಚನೆ ಇವುಗಳನ್ನು ವಿಧಿಸುತ್ತದೆ. ಕಾಯ್ದೆಯ ಅನುಸೂಚಿಯಲ್ಲಿ ಹೆಸರಿಸಿರುವ ಸೇವೆಗಳಲ್ಲಿ ಕಂಟೆಂಟ್ ಮತ್ತು ಮಾಧ್ಯಮ ಸೇವೆಯೂ ಒಂದು.